ಬುಗುರಿಗೊಂದು ಹಾಸಿಗೆ

ಹಿಟ್ಟಿನ ಚೀಲಕ್ಕೆ ಹಾಸಿಗೆ ಕೊಳ್ಳಲು ಬಂದ ಗಿರಾಕಿಯನ್ನು ಆ ಅಂಗಡಿ ಅದುವರೆಗೆ ಕಂಡಿರಲಿಲ್ಲ. ಆ ಮನುಷ್ಯ ಚೀಲವನ್ನು ಹೆಗಲಿಂದ ಇಳಿಸಿ, ಇದರ ತಲೆ ಯಾವುದು ಕಾಲು ಯಾವುದು ಎಂದು ಸ್ವಲ್ಪ ಯೋಚಿಸಿ, ಫೋಮಿನ ಹಾಸಿಗೆಯ ನಡುಮಧ್ಯೆ ಮಲಗಿಸಿದ. ಆಮೇಲೆ ಮಂಡಿಯೂರಿ, ಕೆನ್ನೆಯನ್ನು ಹಾಸಿಗೆಯ ಮಟ್ಟಕ್ಕೆ ತಂದು, ಒಂದು ಕಣ್ಣು ಮುಚ್ಚಿ, ಚೀಲ ಎಷ್ಟು ಹೂತಿದೆ ಎಂದು ನೋಡಿದ. ಮಗ್ಗುಲಿಗೆ ಹೊರಳಿಸಿ ಮತ್ತೊಮ್ಮೆ ನೋಡಿದ. ದಿಂಬಿನ ಬೆಲೆ ಕೇಳಲು ಬಂದಿದ್ದ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು, ಒಳಗೆ ಬರುವುದೋ ಬೇಡವೋ ಎಂದು ಅನುಮಾನಿಸುತ್ತಿದ್ದಳು.

ಅವನಿಗೇನೂ ತಲೆ ಕೆಟ್ಟಿರಲಿಲ್ಲ. ಅವನು ತಕ್ಕಡಿ ರಿಪೇರಿ ಮಾಡುವವನು. ಮಾರುಕಟ್ಟೆಯ ಹಿಂದಿನ ಸಾಲಿನಲ್ಲಿ, ಬೀಗದ ಕೈ ಮಾಡುವವನಿಗೂ ಛತ್ರಿ ಹೊಲಿಯುವವನಿಗೂ ನಡುವೆ ಅವನದೊಂದು ಗೂಡಿನಂಥ ಅಂಗಡಿ. ಗೋಡೆಯ ತುಂಬ ತಟ್ಟೆಗಳು, ಸರಪಣಿಗಳು, ಮುಳ್ಳು ಮುರಿದ ಮುಖಗಳು. ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದ ಎಲೆಕ್ಟ್ರಾನಿಕ್ ತಕ್ಕಡಿಗಳು. ಬೀದಿಗೆಲ್ಲ ಅವನು ತಕ್ಕಡಿಯಣ್ಣ. ಸ್ವಂತ ಹೆಸರೂ ಒಂದಿತ್ತು, ಅದನ್ನು ಹೆಂಡತಿ ಸಿಟ್ಟು ಬಂದಾಗ ಮಾತ್ರ ಬಳಸುತ್ತಿದ್ದಳು.

ಚಿಕ್ಕಂದಿನಿಂದಲೂ ಅವನ ತಲೆಯಲ್ಲಿ ‘ಯಾಕೆ’ ಎನ್ನುವ ಹುಳ. ಅಮ್ಮನ ಅಡುಗೆಮನೆಯ ಪುಟ್ಟ ತಕ್ಕಡಿಯನ್ನು ಬಿಚ್ಚಿಹಾಕಿ, ಒಳಗಿದ್ದ ಸ್ಪ್ರಿಂಗು ಹಾರಿಹೋಗಿ, ಮನೆಮಂದಿಯೆಲ್ಲ ಮಂಚದ ಕೆಳಗೆ ತಡಕಾಡುವಂತೆ ಮಾಡಿದ್ದ. ಸ್ಪ್ರಿಂಗು ಸಿಕ್ಕಲೇ ಇಲ್ಲ. ಅದು ಇವನ ತಲೆಯೊಳಗೇ ಹೋಗಿ ಕೂತಿದೆ ಎಂದು ಅಮ್ಮ ಈಗಲೂ ಹೇಳುತ್ತಾಳೆ. ದೊಡ್ಡವನಾದ ಮೇಲೆ ಅದೇ ಹುಳ ಅವನಿಗೆ ಅನ್ನ ಹಾಕಿತು. ತಕ್ಕಡಿ ಯಾಕೆ ತಪ್ಪು ಹೇಳುತ್ತಿದೆ ಎಂದು ಕಂಡುಹಿಡಿಯುವವರೆಗೂ ಅವನಿಗೆ ಹಸಿವೆ ನೀರಡಿಕೆಯ ಪರಿವೆ ಇರುತ್ತಿರಲಿಲ್ಲ.

ಆ ಕೆಲಸದಲ್ಲಿ ಮೊದಲ ಪಾಠ ತೂಕದ್ದಲ್ಲ, ಮಟ್ಟದ್ದು. ಕೂತ ಜಾಗ ಸಮವಾಗಿಲ್ಲದಿದ್ದರೆ ಎಂಥ ಒಳ್ಳೆಯ ತಕ್ಕಡಿಯೂ ಸುಳ್ಳು ಹೇಳುತ್ತದೆ. ಅದಕ್ಕೇ ಬೇರೆಯವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಅವನು ರಸಮಟ್ಟ ಸಿಕ್ಕಿಸಿಕೊಂಡಿರುತ್ತಿದ್ದ. ಬೆರಳುದ್ದದ ಹಿತ್ತಾಳೆ ಪಟ್ಟಿ, ನಡುವೆ ಗಾಜಿನ ಕೊಳವೆ, ಕೊಳವೆಯ ದ್ರವದಲ್ಲಿ ಓಡಾಡುವ ಒಂದೇ ಒಂದು ಗಾಳಿಗುಳ್ಳೆ. ಗುಳ್ಳೆ ಗೆರೆಗಳ ನಡುವೆ ನಿಂತರೆ ಸಮ. ಓಡಿಹೋದರೆ ಅದು ಓಡಿದ ಕಡೆ ಎತ್ತರ. ಊಟಕ್ಕೆ ಕರೆದವರ ಮನೆಯಲ್ಲಿ ಮೇಜು ಅಲ್ಲಾಡಿದರೆ, ಕಾಲಿನ ಅಡಿಗೊಂದು ರಟ್ಟು ಮಡಚಿ ಇಟ್ಟ ಮೇಲೆಯೇ ಅವನಿಗೆ ತುತ್ತು ಇಳಿಯುತ್ತಿತ್ತು.

“ಇವ್ರನ್ನ ಯಾರ ಮನೆಗೂ ಕರ್ಕೊಂಡು ಹೋಗೋ ಹಾಗಿಲ್ಲ” ಎಂದು ಹೆಂಡತಿ ಗೊಣಗುತ್ತಿದ್ದಳು. “ಚಪ್ಲಿ ಬಿಡೋಕೂ ಮುಂಚೆ ಅವ್ರ ಗೋಡೆ ಮೇಲಿರೋ ಫೋಟೋ ಸರಿ ಮಾಡಕ್ಕೆ ಶುರು ಹಚ್ಕೋತಾರೆ.”

ಹೆಂಡತಿ ಬಸ್ಸಿನ ಕಂಡಕ್ಟರು. ಗಂಟಲು ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಕಂಬಿ ಹಿಡಿದು ನಿಂತ ಕಾಲಲ್ಲೇ ಒಂದು ಸ್ಟಾಪಿನಿಂದ ಇನ್ನೊಂದು ಸ್ಟಾಪಿನವರೆಗೆ ನಿದ್ದೆ ಮಾಡಬಲ್ಲವಳು. ಹಾಗಾಗಿ ಹಾಸಿಗೆಯ ವಿಷಯದಲ್ಲಿ ಗಂಡನ ತಲೆಬಿಸಿ ಅವಳಿಗೆ ಅರ್ಥವಾಗುತ್ತಲೇ ಇರಲಿಲ್ಲ.

ತಲೆಬಿಸಿಗೆ ಕಾರಣ ಇಲ್ಲದಿರಲಿಲ್ಲ. ಮನೆಯಲ್ಲಿ ಇನ್ನಿಬ್ಬರಿದ್ದರು. ಒಬ್ಬಳು ಅವನ ಅಮ್ಮ. ಇನ್ನೊಬ್ಬಳು ಅವನ ಮಗಳು, ಈಗಷ್ಟೇ ಶಾಲೆಗೆ ಸೇರಿದವಳು. ಮಲಗುವಾಗ ದಿಂಬಿನ ಕಡೆ ಇದ್ದ ತಲೆ ಏಳುವಾಗ ಕಾಲಿನ ಕಡೆ ಇರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಬುಗುರಿ. ಬುಗುರಿ ಹಾಲು ಬಿಟ್ಟಾಗಿನಿಂದ ಮಲಗಿದ್ದು ಅಜ್ಜಿಯ ಪಕ್ಕದಲ್ಲೇ, ಅಗಲದ ಮಂಚದ ಮೇಲೆ, ಹಳೆಯ ಹತ್ತಿಯ ಹಾಸಿಗೆಯಲ್ಲಿ. ಅಷ್ಟರಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದು, ಆಸ್ಪತ್ರೆಯಲ್ಲಿ ಒಳಗೊಂದು ಕಂಬಿ ಕೂರಿಸಿ ಕಳಿಸಿದರು.

“ಗಟ್ಟಿ ಹಾಸಿಗೆ ಬೇಕು” ಎಂದರು ಡಾಕ್ಟರು. “ಮತ್ತೆ ಮಗು ಪಕ್ಕದಲ್ಲಿ ಮಲಗೋದು ಸದ್ಯಕ್ಕೆ ಬೇಡ. ನಿದ್ದೇಲಿ ಒಂದು ಸಲ ಒದ್ರೆ ಸಾಕು, ಮತ್ತೆ ಇಲ್ಲಿಗೇ ಬರ್ಬೇಕಾಗತ್ತೆ.”

ಬುಗುರಿ ಒದೆಯುವುದರಲ್ಲಿ ಎತ್ತಿದ ಕೈ, ಅಥವಾ ಎತ್ತಿದ ಕಾಲು ಎನ್ನಿ. ಹಾಗಾಗಿ ತಕ್ಕಡಿಯಣ್ಣ ಅಗಲದ ಮಂಚವನ್ನು ಬಡಗಿಯ ಕೈಲಿ ಉದ್ದಕ್ಕೆ ಕುಯ್ಯಿಸಿ ಎರಡು ಮಂಚ ಮಾಡಿಸಿದ. ಅಜ್ಜಿಯದು ಒಂದು ಗೋಡೆಗೆ, ಮೊಮ್ಮಗಳದು ಎದುರು ಗೋಡೆಗೆ, ನಡುವೆ ಒಬ್ಬರು ಅಡ್ಡಡ್ಡ ನಡೆದು ಹೋಗುವಷ್ಟು ಜಾಗ. ಬುಗುರಿ ಉರುಳಿ ಬೀಳದಿರಲೆಂದು ಅವಳ ಮಂಚಕ್ಕೆ ಅಜ್ಜಿಯ ಕಡೆಯ ಬದಿಯಲ್ಲಿ ಸರಳುಗಳ ಒಂದು ತಡೆ. ಅಜ್ಜಿಯ ಗಟ್ಟಿ ಹಾಸಿಗೆ ಆಸ್ಪತ್ರೆಯವರು ಹೇಳಿದ ಕಡೆಯಿಂದಲೇ ಬಂತು, ಅದರ ಬೆಲೆಗೆ ಕೈ ಖಾಲಿಯಾಯಿತು. ಇನ್ನು ಮಗುವಿನದು ಬಾಕಿ. ಅದು ಅಗ್ಗವಾಗಿರಬೇಕು, ಆದರೆ ಅಗ್ಗದ್ದು ಎಂದು ಮಗುವಿನ ಬೆನ್ನಿಗೆ ಗೊತ್ತಾಗಬಾರದು.

ಅವನು ಮೊದಲು ಹೋದದ್ದು ದೊಡ್ಡ ಅಂಗಡಿಗೆ. ಅಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಹಾಸಿಗೆಯ ಅಡ್ಡ ಸೀಳಿದ ತುಂಡನ್ನು ತೋರಿಸಿ, ಇದು ಈ ಪದರ, ಇದು ಆ ಪದರ ಎಂದು ಗಿಣಿಪಾಠ ಒಪ್ಪಿಸಿದ. ತಕ್ಕಡಿಯಣ್ಣನಿಗೆ ಖುಷಿಯೋ ಖುಷಿ. ಈ ಪದರ ತೆಗೆದರೆ ಏನಾಗುತ್ತದೆ, ಬೇಸಿಗೆಯಲ್ಲಿ ಎಷ್ಟು ಹಿಗ್ಗುತ್ತದೆ, ಹತ್ತು ವರ್ಷ ಬಾಳುತ್ತದೆ ಅಂದಿರಲ್ಲ, ಆ ಹತ್ತು ವರ್ಷ ಅದರ ಮೇಲೆ ಮಲಗಿ ನೋಡಿದವರು ಯಾರು ಎಂದು ಪುಂಖಾನುಪುಂಖವಾಗಿ ಕೇಳಿದ. ಹುಡುಗ ಪಾಪ ಬೆವರು ಒರೆಸಿಕೊಂಡು, ಮಲಗಿ ನೋಡಿ ಸಾರ್ ಎಂದ. ಮಲಗಿದ. ಹಾಯೆನಿಸಿತು. ಬೆಲೆ ಕೇಳಿ ಎದ್ದು ಕೂತ.

ಎರಡನೆಯ ಅಂಗಡಿಯಲ್ಲಿ ಮಲಗಿದಾಗ ಅವನ ತಲೆಯ ಹುಳ ಅಲುಗಿತು. ತಾನು ಮಲಗಿದರೆ ಈ ಹಾಸಿಗೆ ಮೆತ್ತಗೆ ತಗ್ಗುತ್ತದೆ, ಸರಿ. ಆದರೆ ಬುಗುರಿ? ಅವಳ ತೂಕ ತನ್ನ ಕಾಲುಭಾಗವೂ ಇಲ್ಲ. ತನಗೆ ಮೆತ್ತಗಿರುವುದು ಅವಳಿಗೆ ಹಲಗೆ ಇದ್ದೀತು. ಅಂಗಡಿಗಳಲ್ಲಿ ಅಪ್ಪಂದಿರು ಮಲಗಿ ನೋಡಿ ಮಕ್ಕಳಿಗೆ ಹಾಸಿಗೆ ಕೊಳ್ಳುತ್ತಾರಲ್ಲ, ಇದು ಆನೆ ನಡೆದು ನೋಡಿ ಇರುವೆಗೆ ಸೇತುವೆ ಕಟ್ಟಿದಂತಾಯಿತು ಎಂದು ಅವನಿಗೆ ಅಲ್ಲೇ ನಗು ಬಂತು. ಮಗಳನ್ನೇ ಕರೆತರಬಹುದಿತ್ತು. ಒಮ್ಮೆ ಕರೆತಂದೂ ಇದ್ದ. ಅವಳು ಎಲ್ಲ ಹಾಸಿಗೆಯ ಮೇಲೂ ಕುಣಿದು, ಎಲ್ಲವೂ ಚೆನ್ನಾಗಿದೆ ಎಂದು ತೀರ್ಪು ಕೊಟ್ಟು, ಕೊನೆಗೆ ಆನೆಯ ಚಿತ್ರದ ದಿಂಬಿಗಾಗಿ ಅತ್ತಿದ್ದಳು.

ಹಾಗಾಗಿ ಮೂರನೆಯ ಅಂಗಡಿಗೆ ಅವನು ತನ್ನ ಪರೀಕ್ಷೆಯ ತೂಕದ ಕಲ್ಲುಗಳನ್ನು ಕೈಚೀಲದಲ್ಲಿ ಹೊತ್ತು ತಂದ. ಅದು ಫೋಮನ್ನು ದೊಡ್ಡ ಚಾಕುವಿನಿಂದ ಅಳತೆಗೆ ಕೊಯ್ದು ಕೊಡುವ ಪುಟ್ಟ ಅಂಗಡಿ, ನಡೆಸುವವಳು ಒಬ್ಬ ನಡುವಯಸ್ಸಿನ ಹೆಂಗಸು. ಬುಗುರಿಯ ತೂಕದಷ್ಟು ಕಬ್ಬಿಣವನ್ನು ಎಣಿಸಿ ಅವನು ಹಾಸಿಗೆಯ ಮೇಲಿಟ್ಟ. ಕಬ್ಬಿಣ ಕೆಸರಿಗೆ ಬಿದ್ದ ಎಮ್ಮೆಯ ಹಾಗೆ ಹೂತುಹೋಯಿತು. ಇನ್ನೊಂದರ ಮೇಲಿಟ್ಟ, ಅಲ್ಲೂ ಅದೇ ಕಥೆ.

ಅಂಗಡಿಯಾಕೆ ಚಾಕು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. “ಅಲ್ಲ, ನಿಮ್ ಮಗಳೇನು ಗುಂಡು ಕಲ್ಲಾ? ಮಕ್ಳು ಅಂದ್ರೆ ಕೈ ಕಾಲು ಚೆಲ್ಲಿ ಮಲಗಲ್ವಾ?”

ಅವನು ಹಣೆ ಚಚ್ಚಿಕೊಂಡ. ಇಷ್ಟು ವರ್ಷ ತೂಕದೊಂದಿಗೇ ಬಾಳಿದವನಿಗೆ ತೂಕ ಎಷ್ಟು ಜಾಗದಲ್ಲಿ ಹರಡಿದೆ ಎನ್ನುವುದು ಹೊಳೆಯಲೇ ಇಲ್ಲವಲ್ಲ! ಎದುರುಗಡೆಯ ಗಿರಣಿಯವನ ತಕ್ಕಡಿಯನ್ನು ಅವನೇ ನೋಡಿಕೊಳ್ಳುತ್ತಿದ್ದುದರಿಂದ, ಅವನಲ್ಲಿಂದ ಒಂದು ಉದ್ದನೆಯ ಹಿಟ್ಟಿನ ಚೀಲವನ್ನು ಕಡ ತಂದ. ಬುಗುರಿಯ ಉದ್ದ, ಬುಗುರಿಯ ತೂಕ. ಹೀಗೆ ಚೀಲ ಮಲಗಿತು.

ಚೀಲ ಅಂಗಡಿಯ ಎಲ್ಲ ಹಾಸಿಗೆಗಳ ಮೇಲೂ ಮಲಗಿ ಎದ್ದಿತು. ಹೋಗುತ್ತ ಹೋಗುತ್ತ ಅಂಗಡಿಯಾಕೆಗೂ ಕುತೂಹಲ ಹತ್ತಿಕೊಂಡು, ಚೀಲದ ತಲೆಯ ಕಡೆಗೊಂದು ದಿಂಬನ್ನೂ ಕೊಟ್ಟಳು. ದಿಂಬು ಕೇಳಲು ಬಂದಿದ್ದ ಹೆಂಗಸೂ ಒಳಗೆ ಬಂದು, ಆ ನೀಲಿ ಬಣ್ಣದ್ದರಲ್ಲಿ ಚೀಲ ಆರಾಮಾಗಿದ್ದಂತೆ ಕಾಣುತ್ತದೆ ಎಂದು ಸಲಹೆ ಕೊಟ್ಟಳು. ಕೊನೆಗೆ ಅವರು ಮೂವರೂ ಸೇರಿ ಆರಿಸಿದ್ದು ಎರಡು ಪದರದ ಹಾಸಿಗೆ. ಕೆಳಗೆ ಫೋಮಿನ ಚೂರುಗಳನ್ನು ಒತ್ತಿ ಗಟ್ಟಿ ಮಾಡಿದ ಪದರ, ಅದು ಅಗ್ಗ; ಮೇಲೆ ಮೆತ್ತನೆಯ ಹೊಸ ಪದರ, ಅದು ತೆಳು. ಹಳೆಯ ಹಾಸಿಗೆ ಕೊಟ್ಟರೆ ಬೆಲೆಯಲ್ಲಿ ಇನ್ನೂ ಸ್ವಲ್ಪ ಇಳಿಸುತ್ತೇನೆಂದು ಅಂಗಡಿಯಾಕೆ ಒಪ್ಪಿದಳು. ಭಾನುವಾರದ ಹೊತ್ತಿಗೆ ಗಾಡಿ ಕಳಿಸಿ ಅದನ್ನು ತರಿಸಿಕೊಳ್ಳುವುದೆಂದು ಮಾತಾಯಿತು. ತಕ್ಕಡಿಯಣ್ಣ ಹಾಸಿಗೆಯನ್ನು ತಲೆಯ ಮೇಲೆ ಹೊತ್ತು, ಬೀದಿಯಲ್ಲಿ ಎದುರಾದವರಿಗೆಲ್ಲ ಚೀಲದ ಕಥೆ ಹೇಳುತ್ತ ಮನೆಗೆ ಬಂದ.

ಮನೆಯಲ್ಲಿ ಇನ್ನೊಂದು ಕೆಲಸವಿತ್ತು. ಆ ಕೋಣೆಯ ನೆಲ ಅಜ್ಜಿಯ ಗೋಡೆಯ ಕಡೆಗೆ ಕೊಂಚ ಇಳಿಜಾರು, ಗೋಲಿ ಬಿಟ್ಟರೆ ತಾನಾಗಿ ಅತ್ತ ಉರುಳುತ್ತಿತ್ತು. ಅಜ್ಜಿಯ ಔಷಧಿ ಡಬ್ಬಗಳ ರಟ್ಟನ್ನು ಮಡಚಿ ಮಡಚಿ ಅವನು ಎರಡೂ ಮಂಚಗಳ ತಗ್ಗಿನ ಬದಿಯ ಕಾಲುಗಳ ಅಡಿಗೆ ಕೊಟ್ಟ. ರಸಮಟ್ಟ ಇಟ್ಟು ನೋಡಿ ಒಂದು ಮಡಿಕೆ ತೆಗೆದ, ಮತ್ತೆ ಅರ್ಧ ಮಡಿಕೆ ಸೇರಿಸಿದ. ಗುಳ್ಳೆ ಗೆರೆಗಳ ನಡುವೆ ಅಲುಗಾಡದೆ ನಿಂತಾಗ ಅವನ ಮುಖದಲ್ಲಿ ಗೆದ್ದ ಕಳೆ.

“ಇನ್ನೇನು, ಮಗೂನ ಮಲಗಿಸ್ತೀರೋ ತೂಗ್ತೀರೋ?” ಎಂದಳು ಹೆಂಡತಿ.

“ನೋಡ್ತಿರು. ಎಣ್ಣೆ ಬಿಟ್ರೂ ಇದ್ರ ಮೇಲಿಂದ ಹರಿಯಲ್ಲ. ಅಷ್ಟು ಸಮ.”

ಅಜ್ಜಿ ತನ್ನ ಗಟ್ಟಿ ಹಾಸಿಗೆಯ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಹೊಸ ಹಾಸಿಗೆ ಖಾಲಿ. ಬುಗುರಿ ಅಜ್ಜಿಯ ಮಗ್ಗುಲಲ್ಲಿ ಮುದುಡಿಕೊಂಡಿದ್ದಳು. ತಡೆ ಇದ್ದ ಕಡೆಯಿಂದ ದಾಟಲಾಗದೆ, ಕಾಲಿನ ಕಡೆಯಿಂದ ಇಳಿದು ಬಂದಿದ್ದಳು. ಹೊಸತಲ್ಲವೇ, ಅಭ್ಯಾಸವಾಗಬೇಕು ಎಂದುಕೊಂಡರು. ಅದರ ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ. ಗದರಿಸಿದರು, ಮುದ್ದು ಮಾಡಿದರು, ಆನೆಯ ಚಿತ್ರದ ದಿಂಬನ್ನೇ ತಂದು ಕೊಟ್ಟರು. ದಿಂಬೂ ಅವಳ ಜೊತೆ ಅಜ್ಜಿಯ ಮಂಚಕ್ಕೆ ವಲಸೆ ಹೋಯಿತು. ಒಂದು ಬೆಳಿಗ್ಗೆ ಅಜ್ಜಿ ಎದ್ದು ಕೂರಲಾಗದೆ ಹಲ್ಲು ಕಚ್ಚಿಕೊಂಡು ಮಲಗಿದ್ದಳು. ಮಗು ಒದ್ದಿತೇ ಎಂದು ಕೇಳಿದರೆ, ಇಲ್ಲಪ್ಪ, ನಾನೇ ಅಡ್ಡಾದಿಡ್ಡಿ ತಿರುಗಿದೆ ಎಂದಳು. ಅವಳ ಮುಖ ನೋಡಿದ ಮಗ ಅದನ್ನು ನಂಬಲಿಲ್ಲ.

ಆ ದಿನ ಅಂಗಡಿಯಲ್ಲಿ ಕೂತು ಅವನು ಯೋಚಿಸಿದ್ದೇ ಯೋಚಿಸಿದ್ದು. ತೂಕ ಸರಿ, ಉದ್ದ ಸರಿ, ಮಟ್ಟ ಸರಿ. ಎಲ್ಲಿ ತಪ್ಪಿತು? ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡು, ಕೆಟ್ಟ ತಕ್ಕಡಿಯನ್ನು ಪರೀಕ್ಷಿಸುವ ಹಾಗೆ ಒಂದೊಂದಾಗಿ ಕೇಳಿದ.

“ಹಾಸಿಗೆ ಚುಚ್ಚತ್ತಾ?”

“ಇಲ್ಲ.”

“ಸೆಕೆ ಆಗತ್ತಾ?”

“ಇಲ್ಲ.”

“ವಾಸನೆ? ಸದ್ದು? ತುಂಬ ಗಟ್ಟಿನಾ? ತುಂಬ ಮೆತ್ತಗಾ?”

“ಇಲ್ಲಪ್ಪ. ಚೆನ್ನಾಗಿದೆ.”

“ಮತ್ಯಾಕೆ ಎದ್ದು ಹೋಗ್ತೀಯಾ?”

ಬುಗುರಿ ಕಾಲ್ಬೆರಳು ನೋಡಿಕೊಂಡಳು. “ನಾನ್ ಹೋಗಲ್ಲ. ನಂಗೆ ನಿದ್ದೆ ಬರಲ್ಲ, ಆಮೇಲೆ ಅಲ್ಲಿರ್ತೀನಿ.”

ಇದರ ತಲೆಬುಡ ಅವನಿಗೆ ತಿಳಿಯಲಿಲ್ಲ. ರೇಗಿತು ಕೂಡ. ಇಡೀ ಮಾರುಕಟ್ಟೆಯ ಮುಂದೆ ಚೀಲ ಮಲಗಿಸಿ ನಗೆಪಾಟಲಾಗಿ ಆರಿಸಿ ತಂದ ಹಾಸಿಗೆಗೆ ಈ ಗತಿಯೇ ಎಂದು ಮುಖ ಊದಿಸಿಕೊಂಡು ಕೂತ. ರೇಗಿದ್ದಕ್ಕೆ ಆಮೇಲೆ ತನ್ನ ಮೇಲೇ ರೇಗಿಕೊಂಡ.

ಅಷ್ಟರಲ್ಲಿ ಅಜ್ಜಿ ತನ್ನದೊಂದು ತೀರ್ಮಾನ ಹೊರಗೆ ಹಾಕಿದಳು. ಬುಗುರಿ ಹೊರಗೆ ಆಡುತ್ತಿದ್ದ ಹೊತ್ತು ನೋಡಿ, ಮಗ ಸೊಸೆ ಇಬ್ಬರನ್ನೂ ಕರೆದಳು.

“ಭಾನುವಾರ ನಿನ್ನಕ್ಕ ಬರ್ತಾಳಲ್ಲ, ಅವಳ ಜೊತೆ ಹೊರಟುಬಿಡ್ತೀನಿ. ಸೊಂಟ ಗಟ್ಟಿ ಆಗೋವರೆಗೂ ಅಲ್ಲೇ ಇರ್ತೀನಿ. ನಾನಿಲ್ಲೇ ಇದ್ರೆ ಅದು ಬರೋದು ಬಿಡಲ್ಲ.”

“ಏನಮ್ಮಾ ಇದು” ಎಂದ ಮಗ. “ಅಲ್ಲಿ ಮೂರನೇ ಮಹಡಿ. ಲಿಫ್ಟ್ ಇಲ್ಲ. ಹತ್ತಿದ ಮೇಲೆ ನೀನು ಇಳಿಯೋದು ಯಾವಾಗ?”

“ಇಳೀದಿದ್ರೆ ಇಲ್ಲ. ಕಿಟಕಿ ಇದೆಯಲ್ಲ.”

ಸೊಸೆ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದಿದ್ದನ್ನೇ ತೊಳೆಯುತ್ತಿದ್ದಳು. ಅತ್ತೆ ಇಲ್ಲದ ಮನೆ ಅವಳ ಕಲ್ಪನೆಗೇ ನಿಲುಕುತ್ತಿರಲಿಲ್ಲ. ಅವಳ ಬೆಳಗಿನ ಪಾಳಿ, ಮಗುವಿನ ಶಾಲೆ, ಮನೆಯ ಕೀಲಿಕೈ ಎಲ್ಲವೂ ಆ ಮಂಚದ ಸುತ್ತಲೇ ಸುತ್ತುತ್ತಿದ್ದವು. ಬುಗುರಿಗೆ ಈ ಸುದ್ದಿ ಯಾರೂ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನವಾಯಿತು. ಅಕ್ಕ ಸಂಜೆಯ ಹೊತ್ತಿಗೆ ಬರುವವಳಿದ್ದಳು, ಅಂಗಡಿಯ ಗಾಡಿಯೂ ಅದೇ ಹೊತ್ತಿಗೆ. ಅಜ್ಜಿಯ ಬಟ್ಟೆಯ ಚೀಲ ಬಾಗಿಲ ಪಕ್ಕ ಕೂತಿತ್ತು. ಹಳೆಯ ಹತ್ತಿಯ ಹಾಸಿಗೆ ಸುತ್ತಿ ಹಗ್ಗ ಬಿಗಿಸಿಕೊಂಡು ಜಗಲಿಯ ಮೂಲೆಯಲ್ಲಿ ನಿಂತಿತ್ತು. ಕೊಡುವ ಮುಂಚೆ ಧೂಳು ಕೊಡವೋಣ ಎಂದು ತಕ್ಕಡಿಯಣ್ಣ ಹಗ್ಗ ಬಿಚ್ಚಿ, ಹಾಸಿಗೆಯನ್ನು ಜಗಲಿಯ ಉದ್ದಕ್ಕೂ ಬಿಡಿಸಿದ. ಮನಸ್ಸು ಸರಿಯಿಲ್ಲದಿದ್ದರೂ ಕಣ್ಣು ಸುಮ್ಮನಿರಬೇಕಲ್ಲ. ಇಷ್ಟು ವರ್ಷ ಅಮ್ಮನ ಚಾದರದ ಅಡಿಯಲ್ಲೇ ಇದ್ದ ಹಾಸಿಗೆಯನ್ನು ಅವನು ಬರಿಮೈಯಲ್ಲಿ ನೋಡಿದ್ದು ಅದೇ ಮೊದಲು.

ನಡುವೆ ಒಂದು ದೊಡ್ಡ ತಗ್ಗು. ಅಮ್ಮನ ಭುಜ, ಅಮ್ಮನ ಸೊಂಟ, ಗುರುತು ಹಿಡಿಯುವ ಹಾಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಪುಟ್ಟ ತಗ್ಗನ್ನು ಅವನು ಹುಡುಕಿದ. ಸಿಗಲಿಲ್ಲ. ಹಾಸಿಗೆಯ ಅಂಚಿನಿಂದ ದೊಡ್ಡ ತಗ್ಗಿನವರೆಗೆ ಒಂದು ನಯವಾದ ಇಳಿಜಾರಿತ್ತು, ಅಷ್ಟೇ. ಮಗು ಎಲ್ಲಿ ಮಲಗುತ್ತಿತ್ತು ಹಾಗಾದರೆ? ಕೋಲೊಂದನ್ನು ಅಂಚಿನಿಂದ ತಗ್ಗಿನ ಕಡೆಗೆ ಇಳಿಜಾರಿನ ಉದ್ದಕ್ಕೆ ಇಟ್ಟು, ಅದರ ಮೇಲೆ ರಸಮಟ್ಟ ಇಟ್ಟ. ಗುಳ್ಳೆ ಸೊಯ್ಯೆಂದು ಅಂಚಿನ ಕಡೆಗೆ ಓಡಿ ಅಲ್ಲೇ ಅಂಟಿಕೊಂಡು ಕೂತಿತು.

“ಅಪ್ಪಾ, ನಮ್ ಹಾಸಿಗೆ!” ಎಂದು ಬುಗುರಿ ಎಲ್ಲಿಂದಲೋ ಓಡಿ ಬಂದಳು. ಬಂದವಳೇ ಅಂಚಿನಲ್ಲಿ ಧೊಪ್ಪೆಂದು ಮಲಗಿದಳು. “ಇದು ನನ್ ಜಾಗ. ನೀನು ಅಜ್ಜಿ ಜಾಗದಲ್ಲಿ ಮಲ್ಕೋ.”

“ಧೂಳಿದೆ ಕಣೇ.”

“ಮಲ್ಕೋ ಅಂದ್ರೆ!”

ಮಲಗಿದ. ಹಾಸಿಗೆ ಅವನ ಭಾರಕ್ಕೆ ಇನ್ನಷ್ಟು ಕುಸಿಯಿತು. ಬುಗುರಿ ಕೈ ಕಾಲು ಆಡಿಸಲಿಲ್ಲ. ಕಣ್ಣು ಮುಚ್ಚಿ, ಉಸಿರು ಸಡಿಲ ಬಿಟ್ಟಳು, ಅಷ್ಟೇ. ಮೆಲ್ಲಗೆ ಅವಳ ಮೈ ಇಳಿಜಾರಿನಲ್ಲಿ ಹೊರಳಿ, ಅವಳ ಬೆನ್ನು ಬಂದು ಅವನ ಪಕ್ಕೆಗೆ ತಾಗಿ ನಿಂತಿತು.

“ನೋಡ್ದಾ?” ಎಂದಳು ಅವಳು, ಕಣ್ಣು ತೆರೆಯದೆ. “ಏನೂ ಮಾಡ್ಬೇಕಾಗಿಲ್ಲ. ಸುಮ್ನೆ ಮಲ್ಕೊಂಡ್ರೆ ಸಾಕು. ಅದೇ ಅಜ್ಜಿ ಹತ್ರ ಕರ್ಕೊಂಡು ಹೋಗತ್ತೆ.”

“ಮತ್ತೆ ಹೊಸದು?”

“ಅದು ಎಲ್ಲಿಗೂ ಹೋಗಲ್ಲ. ಅಲ್ಲೇ ಇರತ್ತೆ. ಎಷ್ಟು ಹೊತ್ತಾದ್ರೂ ಅಲ್ಲೇ.”

ತಕ್ಕಡಿಯಣ್ಣ ಅಲುಗದೆ ಮಲಗಿದ್ದ. ಜೀವಮಾನವಿಡೀ ಅವನು ಇದೇ ನೋಡಿದ್ದ, ಭಾರವಿದ್ದ ಕಡೆಗೆ ತಟ್ಟೆ ವಾಲುವುದನ್ನು. ಈ ಮಗು ಹಾಲು ಬಿಟ್ಟಾಗಿನಿಂದ ಪ್ರತಿ ರಾತ್ರಿ ಹಾಗೆ ವಾಲಿ ವಾಲಿಯೇ ನಿದ್ದೆ ಹೋಗಿತ್ತು. ಆ ದಾರಿಯನ್ನು ತಾನೇ ಕೈಯಾರೆ, ಔಷಧಿ ಡಬ್ಬದ ರಟ್ಟು ಮಡಚಿ ಮಡಚಿ, ಅರ್ಧ ಮಡಿಕೆಯನ್ನೂ ಬಿಡದೆ ಮುಚ್ಚಿಬಿಟ್ಟಿದ್ದ. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಬಂತು.

ಎದ್ದು ಒಳಗೆ ಹೋದ. ಬುಗುರಿಯ ಮಂಚವನ್ನು ಒಂದು ಕೈಯಿಂದ ಎತ್ತಿ, ಅಜ್ಜಿಯ ಕಡೆಯ ಕಾಲುಗಳ ಅಡಿಯಿಂದ ರಟ್ಟುಗಳನ್ನು ಎಳೆದು ಹಾಕಿದ. ಅದೂ ಸಾಲದೆಂದು ಗೋಡೆಯ ಬದಿಯ ಕಾಲುಗಳಿಗೆ ಒಂದೊಂದು ಮರದ ಚಕ್ಕೆ ಕೊಟ್ಟ. ಮಂಚ ಅಜ್ಜಿಯ ಕಡೆಗೆ, ಕಿವಿಗೊಟ್ಟು ಕೇಳುವವರ ಹಾಗೆ, ಕೊಂಚ ವಾಲಿತು. ರಸಮಟ್ಟ ಇಟ್ಟ. ಗುಳ್ಳೆ ಗೋಡೆಯ ಕಡೆಗೆ ಓಡಿತು. ಅದು ಹಾಗೆ ಅಂಚಿಗೆ ಹೋಗಿ ನಿಂತದ್ದನ್ನು ನೋಡಿ ಸುಮ್ಮನಿರಲು ಅವನಿಗೆ ಬಹಳ ಕಷ್ಟವಾಯಿತು, ಕೈ ತಾನಾಗಿ ರಟ್ಟಿನ ಕಡೆ ಹೋಗುತ್ತಿತ್ತು. ಸುಮ್ಮನಿದ್ದ.

“ಏನ್ರೀ ಇದು, ಸೊಟ್ಟ ಆಯ್ತಲ್ಲ!” ಎಂದಳು ಬಾಗಿಲಲ್ಲಿ ನಿಂತ ಹೆಂಡತಿ. ಮದುವೆಯಾದಾಗಿನಿಂದ ಅವಳು ಈ ಮಾತನ್ನು ಗಂಡನಿಗೆ ಹೇಳಿದ್ದು ಇದೇ ಮೊದಲು.

ಸಂಜೆ ಅಕ್ಕ ಬಂದಳು. ಒಂದು ರಾತ್ರಿ ಇದ್ದು ಹೋಗು, ಅಮ್ಮನನ್ನು ಕರೆದುಕೊಂಡು ಹೋಗುವ ಮಾತು ನಾಳೆ ಎಂದ ತಮ್ಮ. ಯಾಕೆ ಎಂದು ಕೇಳಿದ್ದಕ್ಕೆ ಕೋಣೆಗೆ ಕರೆದೊಯ್ದು ವಾಲಿದ ಮಂಚ ತೋರಿಸಿದ. ಅಕ್ಕ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಅಂಗಡಿಯ ಗಾಡಿಯೂ ಬಂದು ಹಳೆಯ ಹಾಸಿಗೆಯನ್ನು ಹೊತ್ತೊಯ್ದಿತು. ಅದು ಬೀದಿಯ ತಿರುವು ದಾಟುವವರೆಗೂ ಬುಗುರಿ ಕೈ ಬೀಸಿದಳು.

ಬೆಳಿಗ್ಗೆ ಮೊದಲು ಎದ್ದವಳು ಕಂಡಕ್ಟರು, ಅವಳದು ಮೊದಲ ಬಸ್ಸು. ಕೋಣೆಗೆ ಇಣುಕಿದವಳು ಸದ್ದು ಮಾಡದೆ ಬಂದು ಗಂಡನ ಭುಜ ಅಲುಗಿಸಿದಳು. ಅಕ್ಕನೂ ಎದ್ದು ಬಂದಳು. ಮೂವರೂ ಬಾಗಿಲಲ್ಲಿ ತಲೆ ತೂರಿಸಿ ನೋಡಿದರು.

ಬುಗುರಿ ತನ್ನ ಹಾಸಿಗೆಯಲ್ಲೇ ಇದ್ದಳು. ಹಾಸಿಗೆಯ ಮುಕ್ಕಾಲು ಭಾಗ ಖಾಲಿ. ಅವಳು ಪೂರ್ತಿ ಈಚೆ ಅಂಚಿಗೆ ಹೊರಳಿ ಬಂದು, ಬೆನ್ನನ್ನು ತಡೆಯ ಸರಳುಗಳಿಗೆ ಒತ್ತಿ ಗೊರಕೆ ಹೊಡೆಯುತ್ತಿದ್ದಳು. ತಲೆ ದಿಂಬಿನ ಕಡೆಯೇ ಇತ್ತು. ಈಚೆ ಮಂಚದಿಂದ ಅಜ್ಜಿಯ ಕೈ ನಡುವಿನ ಜಾಗವನ್ನು ದಾಟಿ, ಸರಳುಗಳ ಸಂದಿಯಿಂದ ತೂರಿ, ಆ ಪುಟ್ಟ ಬೆನ್ನಿನ ಮೇಲಿತ್ತು. ಅಜ್ಜಿಯ ಕಣ್ಣು ಮಾತ್ರ ತೆರೆದೇ ಇತ್ತು.

“ಮಲಗ್ತು” ಎಂದಳು ಅಜ್ಜಿ ಪಿಸುದನಿಯಲ್ಲಿ. “ಒಂದ್ಸಲಾನೂ ಏಳ್ಲಿಲ್ಲ.”

“ಸರಿ, ನಿನ್ ಚೀಲ ಬಿಚ್ಚಿಡ್ತೀನಿ ಬಿಡು” ಎಂದಳು ಅಕ್ಕ. ಅವಳಿಗೆ ನಿರಾಳವೂ ಆಗಿತ್ತು, ಸ್ವಲ್ಪ ಬೇಜಾರೂ ಆಗಿತ್ತು. ಮುಖ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದಳು. ಕಂಡಕ್ಟರು ಬಸ್ಸಿಗೆ ಹೊತ್ತಾಯಿತೆಂದು ಓಡಿದಳು, ಗೇಟಿನ ತನಕ ಅವಳ ನಗು ಕೇಳಿಸುತ್ತಿತ್ತು.

ತಕ್ಕಡಿಯಣ್ಣ ಅಮ್ಮನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ. “ನೀನ್ಯಾಕಮ್ಮ ನಿದ್ದೆ ಮಾಡಿಲ್ಲ? ಕಣ್ಣೆಲ್ಲ ಕೆಂಪಾಗಿದೆ. ಸೊಂಟ ನೋವಾ?”

“ಸೊಂಟಕ್ಕೇನೂ ಇಲ್ಲ.”

“ಮತ್ತೆ?”

“ಇಷ್ಟು ದಿನ ಬರ್ತಿತ್ತಲ್ಲ, ನಾನು ಜಾಗ ಮಾಡ್ಕೊಂಡು ಕಾಯ್ತಿದ್ದೆ. ಅದು ಬಂದು ಆನ್ಕೊಂಡ ಮೇಲೇ ನಂಗೆ ನಿದ್ದೆ. ಬೇಡ ಅಂತ ನಾನೇ ಹೇಳ್ಬೇಕಿತ್ತು. ಹೇಳಕ್ಕಾಗ್ಲಿಲ್ಲ.”

ತಪ್ಪು ಎಲ್ಲಿದೆಯೆಂದು ಮಗುವಿನ ಹಾಸಿಗೆಯನ್ನೆಲ್ಲ ಹುಡುಕಿದವನು ಈ ಮಂಚದ ಕಡೆ ತಿರುಗಿಯೂ ನೋಡಿರಲಿಲ್ಲ.

“ಒಂದು ಕೇಳ್ತೀನಿ, ನಗ್ಬಾರ್ದು” ಎಂದಳು ಅಜ್ಜಿ. “ನನ್ನ ಮಂಚಾನೂ ಒಂಚೂರು ಆ ಕಡೆ ವಾಲಿಸ್ತೀಯಾ?”

“ಬೇಡಮ್ಮಾ. ಸಮ ಇರ್ಬೇಕು ಅಂತ ಡಾಕ್ಟ್ರು ಹೇಳಿದಾರಲ್ಲ.”

“ಡಾಕ್ಟ್ರು ಹೇಳಿದ್ದು ಗಟ್ಟಿ ಇರ್ಬೇಕು ಅಂತ. ಸಮ ಇರ್ಬೇಕು ಅಂದೋನು ನೀನು.”

ನಿನ್ನೆ ಎಳೆದು ಹಾಕಿದ್ದ ರಟ್ಟುಗಳು ಬುಗುರಿಯ ಮಂಚದ ಕೆಳಗೆ ಹಾಗೇ ಬಿದ್ದಿದ್ದವು. ಅವನು ನೆಲಕ್ಕೆ ಬಗ್ಗಿ ಅವನ್ನು ಆರಿಸಿಕೊಂಡ. ಅಜ್ಜಿಯ ಮಂಚವನ್ನು ಮೆಲ್ಲಗೆ, ಅವಳಿಗೆ ತಿಳಿಯದಷ್ಟು ಮೆಲ್ಲಗೆ ಭುಜದಿಂದ ಎತ್ತಿ, ಗೋಡೆಯ ಬದಿಯ ಕಾಲುಗಳ ಅಡಿಗೆ ಒಂದೊಂದೇ ಸೇರಿಸಿದ. ಅವಳು ಸಾಕು ಎನ್ನುವವರೆಗೂ ಸೇರಿಸಿದ. ರಸಮಟ್ಟ ಜೇಬಿನಲ್ಲೇ ಇತ್ತು, ಈ ಸಲ ಅದನ್ನು ಹೊರಗೆ ತೆಗೆಯಲಿಲ್ಲ.